ಶಾಲೆಯಲ್ಲಿ ಮಕ್ಕಳದೇ ನ್ಯೂಸ್‌ರೂಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಲ್ಲಿ ಮಕ್ಕಳ ಪತ್ರಿಕೆ ಶುರು ಮಾಡಬೇಕು ಅಂತ ಹೊರಟ ಶಿಕ್ಷಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮಕ್ಕಳು ಕೇಳುವುದು ಬೇರೆ, ಪೋಷಕರು ಕೇಳುವುದು ಇನ್ನೂ ಬೇರೆ. ಮೂರನ್ನೂ ಇಲ್ಲಿ ಸೇರಿಸಿದ್ದೇನೆ. ಎಲ್ಲವನ್ನೂ ಓದಬೇಕಾಗಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ.

ಗೋಡೆ ಪತ್ರಿಕೆ, ವಾರ್ಷಿಕ ಸಂಚಿಕೆ ಎಲ್ಲ ಶಾಲೆಯಲ್ಲಿ ಮೊದಲಿನಿಂದಲೂ ಇದೆಯಲ್ಲ? ನ್ಯೂಸ್‌ರೂಮ್ ಅಂದರೆ ಹೊಸದೇನು?

ವಾರ್ಷಿಕ ಸಂಚಿಕೆಯಲ್ಲಿ ಕವಿತೆ, ಚಿತ್ರ, ಪ್ರಬಂಧ, ಮುಖ್ಯೋಪಾಧ್ಯಾಯರ ಸಂದೇಶ ಇರುತ್ತದೆ. ಅದೂ ಬೇಕು. ಆದರೆ ಅದರಲ್ಲಿ ಯಾರೂ ಎಲ್ಲಿಗೂ ಹೋಗಿ ಏನನ್ನೂ ವಿಚಾರಿಸಿರುವುದಿಲ್ಲ. ನ್ಯೂಸ್‌ರೂಮ್‌ನಲ್ಲಿ ಒಬ್ಬ ಹುಡುಗಿ ಹೋಗಿ ನೋಡುತ್ತಾಳೆ, ನಾಲ್ಕು ಜನರನ್ನು ಕೇಳುತ್ತಾಳೆ, ಬರೆದುಕೊಂಡು ಬರುತ್ತಾಳೆ. ಇನ್ನೊಬ್ಬ "ಇದು ನಿನಗೆ ಹೇಗೆ ಗೊತ್ತಾಯ್ತು?" ಅಂತ ಕೇಳುತ್ತಾನೆ. ಉತ್ತರ ಸಿಗದಿದ್ದರೆ ಆ ಸಾಲು ಹೋಗುತ್ತದೆ. ಹೇಳಿದ ದಿನಕ್ಕೆ ಪತ್ರಿಕೆ ಬರುತ್ತದೆ, ತಪ್ಪಾಗಿದ್ದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ. ಇಷ್ಟು ನಡೆಯುತ್ತಿದ್ದರೆ ನಿಮ್ಮ ಗೋಡೆ ಪತ್ರಿಕೆಯೂ ನ್ಯೂಸ್‌ರೂಮೇ. ಪ್ರತ್ಯೇಕ ಕೋಣೆ, ಕ್ಯಾಮೆರಾ, ಬೋರ್ಡು ಯಾವುದೂ ಇಲ್ಲದಿದ್ದರೂ ನಡೆಯುತ್ತದೆ.

ಎಷ್ಟು ಮಕ್ಕಳು ಬೇಕು? ಯಾವ ತರಗತಿಯವರು?

ಏಳೆಂಟು ಮಕ್ಕಳು ಸಾಕು. ಇಪ್ಪತ್ತು ಜನ ಸೇರಿದರೆ ಅರ್ಧ ಜನ ಕೈಕಟ್ಟಿ ಕೂರುತ್ತಾರೆ. ಒಂದೇ ತರಗತಿಯವರನ್ನು ಮಾತ್ರ ತೆಗೆದುಕೊಳ್ಳಬೇಡಿ. ಐದನೆಯವರಿಗೆ ಗೊತ್ತಿರುವ ಸುದ್ದಿ ಒಂಬತ್ತನೆಯವರ ಕಿವಿಗೆ ಬೀಳುವುದೇ ಇಲ್ಲ. ಸಣ್ಣವರು ಪ್ರಶ್ನೆ ಕೇಳುವುದಕ್ಕೆ ಹೆದರುವುದೂ ಕಡಿಮೆ.

ಯಾರಿಗೆ ಯಾವ ಕೆಲಸ ಕೊಡಬೇಕು?

ಒಬ್ಬ ಸಂಪಾದಕ, ಇಬ್ಬರು ಉಪಸಂಪಾದಕರು, ಉಳಿದವರು ವರದಿಗಾರರು. ಫೋಟೋ ಒಬ್ಬರಿಗೆ, ಪುಟ ವಿನ್ಯಾಸ ಒಬ್ಬರಿಗೆ. ಇದರ ಜೊತೆಗೆ ಜಾಸ್ತಿ ಶಾಲೆಗಳಲ್ಲಿ ಇಲ್ಲದ ಒಂದು ಕೆಲಸವಿದೆ: ಪರಿಶೀಲಕ. ಪುಟ ಅಚ್ಚಿಗೆ ಹೋಗುವ ಮೊದಲು ಪ್ರತಿ ಹೆಸರು, ಅಂಕಿ, ದಿನಾಂಕದ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಅದು ಎಲ್ಲಿಂದ ಬಂತು ಅಂತ ವರದಿಗಾರನನ್ನು ಕೇಳುವುದು ಇವರ ಕೆಲಸ. ಗಣಿತ ಇಷ್ಟಪಡುವ, ಸ್ವಲ್ಪ ಹಟಮಾರಿ ಸ್ವಭಾವದ ಮಕ್ಕಳು ಇದಕ್ಕೆ ಹೇಳಿ ಮಾಡಿಸಿದವರು. ಸಂಚಿಕೆಯಿಂದ ಸಂಚಿಕೆಗೆ ಕೆಲಸಗಳನ್ನು ಅದಲುಬದಲು ಮಾಡಿ. ಸಂಪಾದಕರನ್ನು ಮಾತ್ರ ಅರ್ಧ ವರ್ಷವಾದರೂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅವರಿಗೆ ಕೆಲಸದ ಹಿಡಿತವೇ ಸಿಗುವುದಿಲ್ಲ.

ಚೆನ್ನಾಗಿ ಬರೆಯುವ ಮಕ್ಕಳನ್ನೇ ಆರಿಸಬೇಕಲ್ವಾ?

ಬೇಡ. ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ತರುವ ಮಕ್ಕಳಿಗೆ ಸುದ್ದಿ ಬರೆಯುವುದು ಮೊದಮೊದಲು ಕಷ್ಟವೇ ಆಗುತ್ತದೆ. "ಮಾನವ ಜೀವನದಲ್ಲಿ ಕ್ರೀಡೆಯ ಮಹತ್ವ ಅಪಾರ" ಅಂತ ಶುರು ಮಾಡಿ ಅವರಿಗೆ ಅಭ್ಯಾಸ. ಅದೇ, ಕ್ಲಾಸಿನಲ್ಲಿ ಸದಾ ಮಾತಾಡುತ್ತಾ ಬೈಸಿಕೊಳ್ಳುವ ಹುಡುಗ ಯಾರ ಹತ್ತಿರವಾದರೂ ಹೋಗಿ ಮಾತಾಡಿಸಿಕೊಂಡು ಬರುತ್ತಾನೆ. ಅವನು ಬಾಯಲ್ಲಿ ಹೇಳಿದ್ದನ್ನು ಇನ್ನೊಬ್ಬರು ಬರೆಯಲಿ. ಬೈಲೈನಿನಲ್ಲಿ, ಅಂದರೆ ವರದಿ ಮಾಡಿದವರ ಹೆಸರು ಹಾಕುವ ಸಾಲಿನಲ್ಲಿ, ಇಬ್ಬರ ಹೆಸರೂ ಬರಲಿ.

ನಮ್ಮ ಶಾಲೆಯಲ್ಲಿ ಸುದ್ದಿಯೇ ಇರುವುದಿಲ್ಲ. ಪ್ರತಿ ಸಲ ಏನು ಬರೆಯುವುದು?

ಈ ಪ್ರಶ್ನೆ ಎಲ್ಲ ಕಡೆಯಿಂದಲೂ ಬರುತ್ತದೆ. ಸುದ್ದಿ ಅಂದರೆ ಕಾರ್ಯಕ್ರಮ ಅಂದುಕೊಂಡಿರುವುದೇ ಇದಕ್ಕೆ ಕಾರಣ. ದಿನಾಚರಣೆ ನಡೆಯಿತು, ಅತಿಥಿಗಳು ಬಂದರು, ದೀಪ ಬೆಳಗಿಸಿದರು, ವಂದನಾರ್ಪಣೆಯಾಯಿತು. ಅಲ್ಲಿದ್ದವರಿಗೆಲ್ಲ ಇದು ಮೊದಲೇ ಗೊತ್ತು. ಗೊತ್ತಿರುವುದನ್ನೇ ಇನ್ನೊಮ್ಮೆ ಯಾರು ಓದುತ್ತಾರೆ?

ಒಂದು ನಲ್ಲಿಯಿಂದ ಶುರು ಮಾಡಿ. ಶಾಲೆಯಲ್ಲಿ ಕುಡಿಯುವ ನೀರಿನ ನಲ್ಲಿ ಎಷ್ಟಿವೆ? ಎಷ್ಟು ಸರಿಯಾಗಿವೆ? ಮಧ್ಯಾಹ್ನ ಊಟದ ಬೆಲ್ ಹೊಡೆದ ಮೇಲೆ ಸಾಲಿನ ಕೊನೆಯಲ್ಲಿ ನಿಂತವರಿಗೆ ನೀರು ಸಿಗುವುದಕ್ಕೆ ಎಷ್ಟು ಹೊತ್ತು ಬೇಕು? ಒಬ್ಬ ಹುಡುಗ ಗಡಿಯಾರ ಹಿಡಿದು ನಿಲ್ಲಲಿ. ಒಂದು ದಿನದ ಲೆಕ್ಕ ಸಾಲದು. ವಾರಪೂರ್ತಿ ಅದೇ ಸಮಯಕ್ಕೆ ನಿಂತು ಬರೆದುಕೊಳ್ಳಲಿ, ಯಾಕೆಂದರೆ ಒಂದು ದಿನ ಎರಡು ತರಗತಿ ಪ್ರವಾಸಕ್ಕೆ ಹೋಗಿರಬಹುದು, ಸಾಲು ತಾನಾಗಿಯೇ ಚಿಕ್ಕದಾಗಿರಬಹುದು. ಆಮೇಲೆ ಸಾಲಿನಲ್ಲಿ ನಿಂತವರನ್ನು ಮಾತಾಡಿಸಲಿ. ನೀರು ಸಿಗದಿದ್ದರೆ ಏನು ಮಾಡುತ್ತೀರಿ ಅಂತ ಕೇಳಲಿ. "ನಾನು ಬಾಟಲಿ ತುಂಬಿಸೋದೇ ಬಿಟ್ಟಿದ್ದೀನಿ, ಮನೆಗೆ ಹೋಗಿ ಕುಡೀತೀನಿ" ಅಂತ ಒಂದು ಮಗು ಹೇಳಿದರೆ ಅದೇ ನಿಮ್ಮ ಸುದ್ದಿಯ ಜೀವ. ನಂತರ ನಲ್ಲಿ ರಿಪೇರಿ ಯಾರ ಜವಾಬ್ದಾರಿ, ಯಾಕೆ ತಡವಾಗಿದೆ, ಯಾವಾಗ ಸರಿಯಾಗುತ್ತದೆ ಅಂತ ಸಂಬಂಧಪಟ್ಟವರನ್ನು ಕೇಳಿ, ಅವರು ಹೇಳಿದ್ದನ್ನೂ ಹಾಕಬೇಕು. ಬಯ್ಯುವ ಮಾತು ಒಂದೂ ಬೇಡ. ಎಣಿಸಿದ್ದು, ನೋಡಿದ್ದು, ಕೇಳಿದ್ದು ಇಷ್ಟೇ ಸಾಕು.

ಇದೇ ಕಣ್ಣಿನಲ್ಲಿ ನೋಡುತ್ತಾ ಹೋದರೆ ಲೈಬ್ರರಿಯಲ್ಲಿ ಯಾವ ಪುಸ್ತಕ ಜಾಸ್ತಿ ಹೋಗುತ್ತದೆ, ಆಟದ ಪಿರಿಯಡ್‌ನಲ್ಲಿ ಮೈದಾನ ಯಾರಿಗೆ ಸಿಗುತ್ತದೆ, ಹುಡುಗಿಯರು ಅಲ್ಲಿ ಎಷ್ಟು ಹೊತ್ತು ಆಡುತ್ತಾರೆ, ಬ್ಯಾಗಿನ ತೂಕ ಎಷ್ಟು, ಕಳೆದುಹೋದ ವಸ್ತುಗಳೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತವೆ, ಎಲ್ಲವೂ ಸುದ್ದಿಯೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗೇಟು ತೆಗೆಯುವವರ ಒಂದು ದಿನ ಹೇಗಿರುತ್ತದೆ ಅಂತ ಒಮ್ಮೆ ಬರೆಸಿ ನೋಡಿ. ಆ ಸಂಚಿಕೆಯನ್ನು ಅವರು ಮನೆಗೆ ತೆಗೆದುಕೊಂಡು ಹೋಗುತ್ತಾರೆ.

ಸಂಪಾದಕೀಯ ಸಭೆ ಹೇಗೆ ನಡೆಸುವುದು?

ವಾರಕ್ಕೊಮ್ಮೆ, ಅರ್ಧ ಗಂಟೆ. ಪ್ರತಿಯೊಬ್ಬರೂ ಒಂದು ಸುದ್ದಿಯ ಐಡಿಯಾ ತರಬೇಕು, ಅದನ್ನು ಪ್ರಶ್ನೆಯ ರೂಪದಲ್ಲೇ ಹೇಳಬೇಕು. "ಲೈಬ್ರರಿ ಬಗ್ಗೆ ಬರೀತೀನಿ" ಅಂದರೆ ಸಾಲದು. "ಲೈಬ್ರರಿ ಶನಿವಾರ ಯಾಕೆ ಮುಚ್ಚಿರುತ್ತದೆ?" ಅಂದರೆ ಕೆಲಸ ಎಲ್ಲಿಂದ ಶುರುವಾಗಬೇಕು ಅಂತ ತಾನೇ ಗೊತ್ತಾಗುತ್ತದೆ. ಯಾವ ಸುದ್ದಿ, ಯಾರು, ಯಾವ ದಿನಕ್ಕೆ ಅಂತ ಬೋರ್ಡಿನ ಮೇಲೆ ಬರೆದು ಹಾಗೇ ಬಿಡಿ. ಸಭೆಯನ್ನು ಸಂಪಾದಕರೇ ನಡೆಸಲಿ, ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕೂರಲಿ.

ಸಂದರ್ಶನಕ್ಕೆ ಹೋದರೆ ಮಕ್ಕಳು ತಡಬಡಾಯಿಸುತ್ತಾರೆ. ಏನು ಮಾಡುವುದು?

ಇಬ್ಬಿಬ್ಬರನ್ನು ಕಳಿಸಿ, ಒಬ್ಬರು ಕೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಆರು ಪ್ರಶ್ನೆ ಬರೆದುಕೊಂಡು ಹೋಗಲಿ, ಆದರೆ ಅದನ್ನು ಓದುತ್ತಾ ಹೋಗಬಾರದು. ಹೌದು, ಇಲ್ಲ ಅಂತ ಮುಗಿದುಹೋಗುವ ಪ್ರಶ್ನೆ ಬೇಡ. "ನಿಮಗೆ ಈ ಕೆಲಸ ಇಷ್ಟನಾ?" ಅಂದರೆ "ಹೂಂ ಇಷ್ಟ" ಅಂತಾರೆ, ಅಲ್ಲಿಗೆ ಮುಗಿಯಿತು. "ಈ ಕೆಲಸದಲ್ಲಿ ನಿಮಗೆ ತುಂಬಾ ಕಷ್ಟ ಆದ ದಿನ ಯಾವುದು?" ಅಂದರೆ ಕಥೆ ಬರುತ್ತದೆ.

ಎದುರಿಗಿದ್ದವರು ಸುಮ್ಮನಾದಾಗ ಮಕ್ಕಳು ಗಾಬರಿಯಿಂದ ಮುಂದಿನ ಪ್ರಶ್ನೆಗೆ ಹಾರುತ್ತಾರೆ. ಹಾರಬೇಡಿ ಅಂತ ಹೇಳಿಕೊಡಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಕಾದರೆ ಎಷ್ಟೋ ಸಲ ಅವರೇ ಮುಂದುವರಿಸುತ್ತಾರೆ, ಹಾಗೆ ಬಂದ ಮಾತೇ ಬರೆಯುವುದಕ್ಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೊನೆಯಲ್ಲಿ "ನಾನು ಕೇಳದೇ ಇದ್ದದ್ದು ಏನಾದರೂ ಇದೆಯಾ?" ಅಂತ ಒಂದು, "ನಿಮ್ಮ ಹೆಸರು ಹೇಗೆ ಬರೆಯಬೇಕು?" ಅಂತ ಒಂದು ಕೇಳಲೇಬೇಕು. ಶಾಲೆಯ ಪತ್ರಿಕೆಯಲ್ಲಿ ತನ್ನ ಹೆಸರು ತಪ್ಪಾಗಿ ಬಂದದ್ದನ್ನು ಯಾರೂ ಮರೆಯುವುದಿಲ್ಲ.

ರೆಕಾರ್ಡ್ ಮಾಡುವುದಾದರೆ ಮೊದಲು ಅನುಮತಿ ಕೇಳಬೇಕು. ಫೋನನ್ನು ಜೇಬಿನಲ್ಲಿಟ್ಟುಕೊಂಡು ಗೊತ್ತಾಗದ ಹಾಗೆ ರೆಕಾರ್ಡ್ ಮಾಡುವುದು ಖಂಡಿತ ಬೇಡ.

ವರದಿ ಬರೆಯುವ ಸುಲಭ ಕ್ರಮ ಏನಾದರೂ ಇದೆಯೇ?

ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಈ ಆರಕ್ಕೂ ಉತ್ತರ ನೋಟ್‌ಬುಕ್ಕಿನಲ್ಲಿ ಇರಬೇಕು. ಬರೆಯುವಾಗ ಬಹಳ ಮುಖ್ಯವಾದದ್ದು ಮೇಲೆ, ಕಡಿಮೆ ಮುಖ್ಯವಾದದ್ದು ಕೆಳಗೆ. ಪತ್ರಕರ್ತರು ಇದನ್ನು ತಲೆಕೆಳಗಾದ ಪಿರಮಿಡ್ ಅನ್ನುತ್ತಾರೆ. ಪುಟದಲ್ಲಿ ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಿದರೂ ಸುದ್ದಿ ಕೆಡಬಾರದು ಅನ್ನುವುದು ಅದರ ಉಪಯೋಗ.

ಒಂದು ಉದಾಹರಣೆ ನೋಡಿ. ಮಗು ಮೊದಲು ಹೀಗೆ ಬರೆಯುತ್ತದೆ:

"ನಮ್ಮ ಶಾಲೆಯಲ್ಲಿ ಪರಿಸರ ದಿನಾಚರಣೆಯನ್ನು ಅತ್ಯಂತ ವಿಜೃಂಭಣೆಯಿಂದ ಆಚರಿಸಲಾಯಿತು. ಪರಿಸರ ನಮ್ಮೆಲ್ಲರ ಉಸಿರು. ಈ ಸಂದರ್ಭದಲ್ಲಿ ಗಿಡಗಳನ್ನು ನೆಡಲಾಯಿತು."

ಪರಿಶೀಲಕ ಕೇಳುತ್ತಾನೆ: ಎಷ್ಟು ಗಿಡ? ಯಾವ ಗಿಡ? ಯಾರು ನೆಟ್ಟರು? ಹೋದ ವರ್ಷ ನೆಟ್ಟದ್ದು ಏನಾಯಿತು? ಈ ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ವರದಿಗಾರ್ತಿ ಎದ್ದು ಹೋಗಿ ನೋಡಿಕೊಂಡು ಬರುತ್ತಾಳೆ. ಆಗ ಮೊದಲ ಸಾಲು ಹೀಗಾಗುತ್ತದೆ:

"ಕಳೆದ ವರ್ಷ ಪರಿಸರ ದಿನದಂದು ಕಾಂಪೌಂಡ್ ಪಕ್ಕ ನೆಟ್ಟ 12 ಗಿಡಗಳಲ್ಲಿ ಈಗ ಉಳಿದಿರುವುದು 3. ಈ ವರ್ಷ ಮತ್ತೆ 12 ಗಿಡ ನೆಟ್ಟಿದ್ದು, ನೀರು ಹಾಕುವ ಜವಾಬ್ದಾರಿಯನ್ನು ಏಳನೇ ತರಗತಿಯವರು ವಹಿಸಿಕೊಂಡಿದ್ದಾರೆ."

ಇಂಥ ಸಾಲು ಬಂದ ದಿನ ಸ್ಟಾಫ್ ರೂಮಿನಲ್ಲೂ ಪತ್ರಿಕೆ ಓದುತ್ತಾರೆ. "ವಿಜೃಂಭಣೆಯಿಂದ", "ಅದ್ಧೂರಿಯಾಗಿ", "ಅರ್ಥಪೂರ್ಣವಾಗಿ" ಇಂಥ ಪದಗಳ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಆ ಪದ ಬಂದ ಕಡೆಯೆಲ್ಲ ಏನೋ ವಿಚಾರಿಸದೇ ಬಿಟ್ಟಿದೆ ಅಂತ ಅರ್ಥ.

ಶಿಕ್ಷಕರು ಎಷ್ಟರಮಟ್ಟಿಗೆ ತಿದ್ದಬಹುದು?

ಪೆನ್ನು ಮುಟ್ಟದೆ, ಪ್ರಶ್ನೆ ಕೇಳುವಷ್ಟು ಮಾತ್ರ. ಇದನ್ನು ಒತ್ತಿ ಹೇಳುತ್ತೇನೆ. ಶಿಕ್ಷಕರು ಕೂತು ವಾಕ್ಯ ತಿದ್ದಿಬಿಟ್ಟರೆ ಪತ್ರಿಕೆ ನೀಟಾಗಿ ಬರುತ್ತದೆ, ಮಕ್ಕಳಿಗೆ ಏನೂ ಬರುವುದಿಲ್ಲ. ಓದುವ ಮಕ್ಕಳಿಗೂ ಅದು ಮೇಷ್ಟ್ರ ಭಾಷೆ ಅಂತ ತಕ್ಷಣ ಗೊತ್ತಾಗುತ್ತದೆ. "ಈ ಪ್ಯಾರಾ ನನಗೆ ಅರ್ಥ ಆಗಲಿಲ್ಲ, ಯಾರು ಯಾರಿಗೆ ಹೇಳಿದ್ದು?" ಅಂತ ಕೇಳಿ, ಬರೆದವರ ಕೈಗೇ ವಾಪಸ್ ಕೊಡಿ. ಎರಡು ಸಲ ತಿದ್ದಿಸಿ, ಮೂರನೇ ಸಲ ಬಿಟ್ಟುಬಿಡಿ. ಒಂದೆರಡು ಒತ್ತಕ್ಷರ ತಪ್ಪಿದ್ದರೂ ಪರವಾಗಿಲ್ಲ, ಅದನ್ನು ಹಿಡಿಯುವುದು ಉಪಸಂಪಾದಕರ ಕೆಲಸ. ಶಿಕ್ಷಕರು ಗಟ್ಟಿಯಾಗಿ ನಿಲ್ಲಬೇಕಾದದ್ದು ಯಾರಿಗಾದರೂ ನೋವಾಗುವ, ಯಾರದಾದರೂ ಗುಟ್ಟು ಬಯಲಾಗುವ, ಖಚಿತವಿಲ್ಲದ ಆರೋಪ ಇರುವ ಕಡೆ.

ಒಂದು ವಿಷಯ ನಿಜ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

"ಎಲ್ಲರೂ ಹೇಳ್ತಿದ್ದಾರೆ" ಅನ್ನುವುದು ಮೂಲ ಆಗುವುದಿಲ್ಲ. ನೋಡಿದವರು ಯಾರು, ಅವರ ಹೆಸರೇನು? ಒಬ್ಬರಿಂದ ಒಬ್ಬರಿಗೆ ಸಂಬಂಧವಿಲ್ಲದ ಇಬ್ಬರು ಹೇಳಬೇಕು, ಅಥವಾ ಕಾಗದಪತ್ರ ಇರಬೇಕು. ಇಬ್ಬರೂ ಮೂರನೆಯವನಿಂದಲೇ ಕೇಳಿದ್ದರೆ ಅದು ಒಂದೇ ಮೂಲ. ಇದು ದೊಡ್ಡವರೂ ಎಡವುವ ಜಾಗ, ಮಕ್ಕಳಿಗೆ ಒಂದು ಸಲ ಚಿತ್ರ ಬರೆದು ತೋರಿಸಿದರೆ ಚೆನ್ನಾಗಿ ಹಿಡಿಯುತ್ತಾರೆ. ಫಾರ್ವರ್ಡ್ ಆಗಿ ಬಂದ ಫೋಟೋ ಇದ್ದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹಿಂದೆ ಎಲ್ಲೆಲ್ಲಿ ಬಂದಿದೆ ನೋಡಿ. ಹಳೆಯ ಫೋಟೋವನ್ನೇ ಇವತ್ತಿನದು ಅಂತ ಓಡಿಸುವುದು ತುಂಬಾ ಮಾಮೂಲು.

2017ರಲ್ಲಿ ಅಮೆರಿಕದ ಕನ್ಸಾಸ್ ರಾಜ್ಯದ ಪಿಟ್ಸ್‌ಬರ್ಗ್ ಹೈಸ್ಕೂಲಿನ ಮಕ್ಕಳು ಮಾಡಿದ್ದು ಇದೇ ಕೆಲಸ. ಶಾಲೆಗೆ ಹೊಸ ಪ್ರಿನ್ಸಿಪಾಲ್ ಬರುತ್ತಾರೆ ಅಂತಾಯಿತು. ಅವರ ಪರಿಚಯ ಬರೆಯಲು ಹೊರಟ ಶಾಲಾ ಪತ್ರಿಕೆ 'ಬೂಸ್ಟರ್ ರೆಡಕ್ಸ್' ತಂಡ, ಅವರು ಹೇಳಿಕೊಂಡ ಪದವಿಗಳನ್ನು ಸುಮ್ನೆ ನಕಲು ಮಾಡದೆ ಆ ವಿಶ್ವವಿದ್ಯಾಲಯ ಯಾವುದು, ಮಾನ್ಯತೆ ಇದೆಯಾ ಅಂತ ಹುಡುಕಿತು. ಲೆಕ್ಕ ತಾಳೆಯಾಗಲಿಲ್ಲ. ವರದಿ ಬಂದ ಕೆಲವೇ ದಿನಗಳಲ್ಲಿ ಅವರು ಹುದ್ದೆ ವಹಿಸಿಕೊಳ್ಳುವ ಮೊದಲೇ ರಾಜೀನಾಮೆ ಕೊಟ್ಟರು. ಮಕ್ಕಳು ಯಾರ ಮೇಲೂ ಸಿಟ್ಟಿಟ್ಟುಕೊಂಡು ಹೋಗಿರಲಿಲ್ಲ, ಪರಿಚಯ ಲೇಖನ ಬರೆಯಲು ಹೋಗಿದ್ದರು ಅನ್ನುವುದನ್ನು ಗಮನಿಸಿ.

ಮುಖ್ಯೋಪಾಧ್ಯಾಯರು "ಇದನ್ನು ಹಾಕಬೇಡಿ" ಅಂದರೆ?

ಮೊದಲು ಕಾರಣ ಕೇಳಿ. ನಿಜವಾಗಿಯೂ ಕೇಳಿ, ವಾದಕ್ಕೆ ಅಂತ ಬೇಡ. ಯಾಕೆಂದರೆ ಒಮ್ಮೊಮ್ಮೆ ಅವರು ಹೇಳುವುದರಲ್ಲಿ ಹುರುಳಿರುತ್ತದೆ.

ಈ ಬಗ್ಗೆ ಬಹಳ ಪ್ರಸಿದ್ಧವಾದ ಒಂದು ಮೊಕದ್ದಮೆ ಇದೆ. 1983ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಹೇಝಲ್‌ವುಡ್ ಈಸ್ಟ್ ಹೈಸ್ಕೂಲಿನ ಮಕ್ಕಳ ಪತ್ರಿಕೆ 'ಸ್ಪೆಕ್ಟ್ರಮ್' ಅಚ್ಚಿಗೆ ಹೋಗುವ ಮುನ್ನ ಪ್ರಿನ್ಸಿಪಾಲ್ ಎರಡು ಪುಟಗಳನ್ನೇ ತೆಗೆಸಿದರು. ಹದಿಹರೆಯದಲ್ಲಿ ಗರ್ಭಿಣಿಯಾದ ವಿದ್ಯಾರ್ಥಿನಿಯರ ಬಗ್ಗೆ ಒಂದು ಲೇಖನ, ತಂದೆತಾಯಿಯ ವಿಚ್ಛೇದನದಿಂದ ಮಕ್ಕಳಿಗೆ ಆಗುವ ನೋವಿನ ಬಗ್ಗೆ ಇನ್ನೊಂದು, ಇವೆರಡರ ಮೇಲೆ ಅವರ ಆಕ್ಷೇಪ ಇತ್ತು. ಮಕ್ಕಳು ಕೋರ್ಟಿಗೆ ಹೋದರು. 1988ರಲ್ಲಿ ಸುಪ್ರೀಂ ಕೋರ್ಟ್ 5-3ರ ಬಹುಮತದಲ್ಲಿ ಶಾಲೆಯ ಪರ ತೀರ್ಪು ಕೊಟ್ಟಿತು. ಶಾಲೆಯೇ ನಡೆಸುವ ಪತ್ರಿಕೆಯಲ್ಲಿ, ಶಿಕ್ಷಣಕ್ಕೆ ಸಂಬಂಧಿಸಿದ ಸರಿಯಾದ ಕಾರಣವಿದ್ದರೆ ಶಾಲೆ ಕತ್ತರಿ ಹಾಕಬಹುದು ಅಂದಿತು. ಅದಕ್ಕೂ ಮೊದಲು, 1969ರಲ್ಲಿ, ವಿಯೆಟ್ನಾಂ ಯುದ್ಧ ವಿರೋಧಿಸಿ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ ಮಕ್ಕಳ ಟಿಂಕರ್ ಮೊಕದ್ದಮೆಯಲ್ಲಿ ಇದೇ ಕೋರ್ಟ್, ಶಾಲೆಯ ಗೇಟಿನ ಒಳಗೆ ಬಂದ ಮಾತ್ರಕ್ಕೆ ಮಕ್ಕಳ ಮಾತಿನ ಹಕ್ಕು ಹೋಗುವುದಿಲ್ಲ ಅಂತ ಹೇಳಿತ್ತು. ಎರಡರ ನಡುವೆ ಎಳೆದಾಟ ಅಲ್ಲಿ ಇವತ್ತಿಗೂ ಮುಗಿದಿಲ್ಲ. ಕೆಲವು ರಾಜ್ಯಗಳು ಮಕ್ಕಳ ಪತ್ರಿಕೆಗೆ ರಕ್ಷಣೆ ಕೊಡುವ ತಮ್ಮದೇ ಕಾನೂನು ಮಾಡಿಕೊಂಡಿವೆ.

ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಎರಡು ಲೇಖನಕ್ಕೆ ಆಕ್ಷೇಪ ಇದ್ದರೆ ಎರಡು ಪುಟ ಪೂರ್ತಿ ತೆಗೆಯುವುದು, ಅದೂ ಮಕ್ಕಳಿಗೆ ಹೇಳದೆ, ಯಾವ ಪಾಠವನ್ನೂ ಕಲಿಸುವುದಿಲ್ಲ. ಆದರೆ ಪ್ರಿನ್ಸಿಪಾಲರು ಕೊಟ್ಟ ಕಾರಣಗಳನ್ನು ಎತ್ತಿಕೊಂಡು ನೋಡಿ. ಹೆಸರು ಬದಲಿಸಿದ್ದರೂ ಆ ಹುಡುಗಿಯರು ಯಾರು ಅಂತ ಶಾಲೆಯವರಿಗೆ ಗೊತ್ತಾಗಬಹುದು ಅನ್ನುವುದು ಒಂದು. ವಿಚ್ಛೇದನದ ಲೇಖನದಲ್ಲಿ ತಂದೆಯ ಮೇಲೆ ದೂರು ಇದೆ, ಅವರಿಗೆ ಉತ್ತರ ಕೊಡುವ ಅವಕಾಶ ಸಿಕ್ಕಿಲ್ಲ ಅನ್ನುವುದು ಇನ್ನೊಂದು. ಯಾವ ಒಳ್ಳೆಯ ಸಂಪಾದಕನಾದರೂ ಕೇಳಬೇಕಾದ ಪ್ರಶ್ನೆಗಳು ಇವು. ಮಕ್ಕಳ ತಂಡವೇ ಇದನ್ನು ಮೊದಲು ಕೇಳಿಕೊಂಡರೆ ಕತ್ತರಿ ಹಾಕುವವರಿಗೆ ಕೆಲಸವೇ ಇರುವುದಿಲ್ಲ.

ಮಾಡಬೇಕಾದದ್ದು ಇಷ್ಟು. ವರ್ಷದ ಆರಂಭದಲ್ಲೇ ಮುಖ್ಯೋಪಾಧ್ಯಾಯರ ಜೊತೆ ಕೂತು ಒಂದು ಪುಟದ ಒಪ್ಪಂದ ಬರೆದುಕೊಳ್ಳಿ. ಯಾವ ಕಾರಣಕ್ಕೆ ಲೇಖನ ನಿಲ್ಲಿಸಬಹುದು (ಸುಳ್ಳು, ಮಾನಹಾನಿ, ಖಾಸಗಿ ವಿಷಯ, ಅಪಾಯ), ಯಾವ ಕಾರಣಕ್ಕೆ ನಿಲ್ಲಿಸಬಾರದು (ಶಾಲೆಗೆ ಮುಜುಗರ ಆಗುತ್ತದೆ ಅನ್ನುವುದು), ನಿಲ್ಲಿಸಿದರೆ ಎಷ್ಟು ದಿನದಲ್ಲಿ ಕಾರಣ ಹೇಳಬೇಕು. ಅಷ್ಟಾದ ಮೇಲೂ ಬೇಡ ಅಂದರೆ ಮಕ್ಕಳನ್ನು ಮುಂದೆ ತಳ್ಳಿ ನೀವು ಹಿಂದೆ ನಿಲ್ಲಬೇಡಿ. ನೀವೇ ಹೋಗಿ ಮಾತಾಡಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 13ನೇ ವಿಧಿ ಮಕ್ಕಳಿಗೆ ಅಭಿವ್ಯಕ್ತಿ ಸ್ವಾತಂತ್ರ್ಯ ಇದೆ ಅನ್ನುತ್ತದೆ, 16ನೇ ವಿಧಿ ಅವರ ಖಾಸಗಿತನವನ್ನು ಕಾಯುತ್ತದೆ. ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ಮಾತಾಡಿದರೆ ಮಾತು ಮುಂದಕ್ಕೆ ಹೋಗುತ್ತದೆ.

ಮಕ್ಕಳ ಹೆಸರು, ಫೋಟೋ ಹಾಕುವಾಗ ಏನು ನೋಡಿಕೊಳ್ಳಬೇಕು?

ಶಾಲೆಯೊಳಗೆ ಹಂಚುವ ಪತ್ರಿಕೆ ಬೇರೆ, ಇಂಟರ್ನೆಟ್‌ಗೆ ಹೋಗುವುದು ಬೇರೆ. ಪೋಷಕರ ಒಪ್ಪಿಗೆ ಪತ್ರವನ್ನು ಎರಡಕ್ಕೂ ಪ್ರತ್ಯೇಕವಾಗಿ ತೆಗೆದುಕೊಳ್ಳಿ. ಇಂಟರ್ನೆಟ್‌ನಲ್ಲಾದರೆ ಪೂರ್ತಿ ಹೆಸರು, ಮುಖ, ತರಗತಿ ಮೂರೂ ಒಟ್ಟಿಗೆ ಬರದಂತೆ ನೋಡಿಕೊಳ್ಳಿ. ಮಗು ದಿನಾ ಯಾವ ಬಸ್ಸಿನಲ್ಲಿ ಎಷ್ಟು ಹೊತ್ತಿಗೆ ಹೋಗುತ್ತದೆ ಅನ್ನುವಂಥ ವಿವರ ಎಲ್ಲೂ ಬೇಡ. ಫೋನಿನಲ್ಲಿ ತೆಗೆದ ಫೋಟೋದೊಳಗೆ ಜಾಗದ ಮಾಹಿತಿ ಕೂತಿರಬಹುದು, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಸಿ. ಬಹಳಷ್ಟು ಸೋಷಿಯಲ್ ಮೀಡಿಯಾಗಳಲ್ಲಿ ಖಾತೆಗೆ ಕನಿಷ್ಠ 13 ವರ್ಷ ಆಗಿರಬೇಕು, ಹಾಗಾಗಿ ಪತ್ರಿಕೆಯ ಖಾತೆ ಶಾಲೆಯ ಹೆಸರಿನಲ್ಲಿ, ದೊಡ್ಡವರ ಕೈಯಲ್ಲಿ ಇರಲಿ.

ಫೇಲ್ ಆದವರ, ಶಿಕ್ಷೆಗೊಳಗಾದವರ, ಕಾಯಿಲೆ ಇರುವವರ ಹೆಸರು ಬೇಡ. "ಒಪ್ಪಿಗೆ ಕೊಟ್ಟಿದ್ದಾರಲ್ಲ" ಅಂದರೂ ಒಮ್ಮೆ ಯೋಚಿಸಿ, ಹನ್ನೊಂದು ವರ್ಷದವರು ಹೂಂ ಅಂದದ್ದನ್ನು ಹದಿನೆಂಟಾದಾಗ ಅವರು ಬೇಡ ಅನ್ನಬಹುದು.

ಯಾರಾದರೂ ವರದಿಗಾರನ ಹತ್ತಿರ ಗಂಭೀರವಾದ ಗುಟ್ಟು ಹೇಳಿಕೊಂಡರೆ?

ಹೊಡೆತ, ಕಿರುಕುಳ, ಜೀವಕ್ಕೆ ಅಪಾಯ, ಇಂಥದ್ದು ಕಿವಿಗೆ ಬಿದ್ದರೆ ಅದು ಸುದ್ದಿ ಆಗುವುದಿಲ್ಲ, ನಂಬಿಕೆಯ ಶಿಕ್ಷಕರಿಗೆ ಅಂದೇ ಹೇಳಬೇಕು. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬಾರದು ಅಂತ ಮೊದಲ ದಿನವೇ ತಂಡಕ್ಕೆ ಹೇಳಿ. ಇಂಥ ಭಾರವನ್ನು ಒಂದು ಮಗು ಒಂಟಿಯಾಗಿ ಹೊರಬಾರದು.

ತಪ್ಪು ಅಚ್ಚಾಗಿಬಿಟ್ಟರೆ?

ಮುಂದಿನ ಸಂಚಿಕೆಯಲ್ಲಿ, ಎದ್ದು ಕಾಣುವ ಜಾಗದಲ್ಲಿ ತಿದ್ದುಪಡಿ ಹಾಕಿ. ಹೀಗಿದ್ದರೆ ಸಾಕು: "ಕಳೆದ ಸಂಚಿಕೆಯ 2ನೇ ಪುಟದಲ್ಲಿ ಖೋಖೋ ಪಂದ್ಯ ಗೆದ್ದವರು 8ನೇ ಎ ವಿಭಾಗದವರು ಎಂದು ಬರೆದಿದ್ದೆವು. ಗೆದ್ದವರು 8ನೇ ಬಿ ವಿಭಾಗದವರು. ತಪ್ಪಿಗೆ ವಿಷಾದಿಸುತ್ತೇವೆ." ಯಾರು ತಪ್ಪು ಮಾಡಿದರು ಅಂತ ಅಲ್ಲಿ ಬೇಡ, ತಪ್ಪು ತಂಡದ್ದು. ಆನ್‌ಲೈನ್ ಆಗಿದ್ದರೆ ಸುಮ್ನೆ ಅಳಿಸಿ ಹೊಸದು ಹಾಕಬೇಡಿ, ತಿದ್ದಿದ್ದೇವೆ ಅಂತ ಕೆಳಗೆ ಒಂದು ಸಾಲು ಸೇರಿಸಿ.

ಗೂಗಲ್‌ನಿಂದ ಫೋಟೋ ತೆಗೆದು ಹಾಕಬಹುದಾ?

ಇಲ್ಲ. ಅದರ ಮೇಲೆ ಯಾರದೋ ಹಕ್ಕಿರುತ್ತದೆ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ (ಷರತ್ತಿನ ಮೇಲೆ ಬೇರೆಯವರೂ ಬಳಸಬಹುದು ಅಂತ ಹಕ್ಕುದಾರರೇ ಕೊಟ್ಟ ಅನುಮತಿ) ಇರುವ ಫೋಟೋ ಹುಡುಕಿ, ಅವರು ಹೇಳಿದಂತೆ ಹೆಸರು ಹಾಕಿ. ಅದಕ್ಕಿಂತ ಒಳ್ಳೆಯದು ನಿಮ್ಮದೇ ಫೋಟೋ, ಇಲ್ಲವೇ ಚಿತ್ರ ಬರೆಯುವ ಮಕ್ಕಳಿಂದ ಒಂದು ಚಿತ್ರ.

ಚಾಟ್‌ಜಿಪಿಟಿ ಥರದ ಎಐ ಬಳಸಿ ವರದಿ ಬರೆಯಬಹುದಾ?

ವರದಿ ಬರೆಸಬೇಡಿ. ನಿಮ್ಮ ಶಾಲೆಯ ನಲ್ಲಿ ಮುಂದೆ ಅದು ನಿಂತಿರಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಇಲ್ಲದ ಹೆಸರು, ಯಾರೂ ಆಡದ ಮಾತು ಸೇರಿಸಿ ನಂಬುವ ಹಾಗೆ ಬರೆದುಬಿಡುತ್ತದೆ. ಶೀರ್ಷಿಕೆಗೆ ಹತ್ತು ಐಡಿಯಾ ಕೇಳುವುದು, ಸಂದರ್ಶನಕ್ಕೆ ಮೊದಲು ವಿಷಯ ತಿಳಿದುಕೊಳ್ಳಲು ಪ್ರಶ್ನೆ ಕೇಳುವುದು ನಡೆಯುತ್ತದೆ, ಆದರೆ ಅಲ್ಲಿ ಸಿಕ್ಕ ಪ್ರತಿ ಮಾಹಿತಿಯನ್ನೂ ಬೇರೆ ಕಡೆ ನೋಡಿ ಖಚಿತ ಮಾಡಿಕೊಳ್ಳಬೇಕು. ಬಳಸಿದ್ದರೆ ಬಳಸಿದ್ದೇವೆ ಅಂತ ಓದುಗರಿಗೆ ಹೇಳಿ. ತಂಡವೇ ಕೂತು ಈ ನಿಯಮ ಬರೆದುಕೊಂಡರೆ ಪಾಲಿಸುವುದೂ ಸುಲಭ.

ಎಷ್ಟು ಪುಟ ಇರಬೇಕು? ಪ್ರಿಂಟ್ ಮಾಡುವಾಗ ಏನು ಗಮನಿಸಬೇಕು?

ನಾಲ್ಕು ಪುಟ. ಒಂದು ಎ3 ಹಾಳೆಯ ಎರಡೂ ಬದಿ ಪ್ರಿಂಟ್ ತೆಗೆದು ಮಧ್ಯೆ ಮಡಚಿದರೆ ಎ4 ಅಳತೆಯ ನಾಲ್ಕು ಪುಟ ಸಿಗುತ್ತದೆ, ಪಿನ್ ಕೂಡ ಬೇಡ. ಜಾಸ್ತಿ ಬೇಕಾದರೆ ಎಂಟು, ಹನ್ನೆರಡು. ಆರು ಪುಟ ಮಾಡಿದರೆ ಒಂದು ಹಾಳೆ ಬಿಡಿಯಾಗಿ ಉದುರುತ್ತದೆ. ಸುತ್ತ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಅಂಚು ಬಿಡಿ, ಮಾಮೂಲಿ ಪ್ರಿಂಟರ್ ಹಾಳೆಯ ತುದಿಯವರೆಗೂ ಹೋಗುವುದಿಲ್ಲ.

ಫೋಟೋ ಮಸುಕಾಗಿ ಬರುತ್ತದೆ ಅನ್ನುವ ದೂರು ಎಲ್ಲ ಕಡೆ ಇದೆ. ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ, ಅಂದರೆ 10 ಸೆಂಟಿಮೀಟರ್ ಅಗಲದ ಫೋಟೋಗೆ ಸುಮಾರು 1200 ಪಿಕ್ಸೆಲ್ ಬೇಕು. ಫೋನಿನ ಕ್ಯಾಮೆರಾದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದಾಗ ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಫೋಟೋ ಇದ್ದ ಹಾಗೇ ಬರುತ್ತದೆ.

ಕನ್ನಡದಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಅಕ್ಷರವಾಗಿ ಕಾಣುತ್ತದೆ, ಯಾಕೆ?

'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿರುತ್ತೀರಿ. ಆ ಫಾಂಟ್ ಇಲ್ಲದ ಕಡೆ ಅದು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಎಲ್ಲರೂ ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ (ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆ) ಟೈಪ್ ಮಾಡಿ. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯಾ ಅಂತ ಒಂದು ಸಲ ಕಣ್ಣಾಡಿಸಿ. ಪ್ರಿಂಟಿಗೆ ಕೊಡುವಾಗ ಪಿಡಿಎಫ್ ಮಾಡಿಯೇ ಕೊಡಿ.

ಪತ್ರಿಕೆ ಬದಲು ಆಡಿಯೋ, ವಿಡಿಯೋ ಸುದ್ದಿ ಮಾಡಬಹುದಾ?

ಖಂಡಿತ. ಓದುವುದು ನಿಧಾನ ಇರುವ ಮಕ್ಕಳಿಗೆ ಆಡಿಯೋ ತುಂಬಾ ಒಗ್ಗುತ್ತದೆ. ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಖಾಲಿ ಕ್ಲಾಸ್‌ರೂಮಿನಲ್ಲಿ ಸದ್ದು ಗುಂಯ್ ಅನ್ನುತ್ತದೆ, ಪುಸ್ತಕದ ಕಪಾಟು ತುಂಬಿರುವ ಲೈಬ್ರರಿಯ ಮೂಲೆ ವಾಸಿ. ಫ್ಯಾನ್ ಆಫ್ ಮಾಡಿ. ಬೆಲ್ಲು, ಮೈದಾನದ ಗಲಾಟೆ, ನಲ್ಲಿ ನೀರು, ಇಂಥ ಸದ್ದುಗಳನ್ನು ಅರ್ಧ ನಿಮಿಷ ಪ್ರತ್ಯೇಕವಾಗಿ ರೆಕಾರ್ಡ್ ಮಾಡಿಟ್ಟುಕೊಂಡರೆ ಮಧ್ಯೆ ಸೇರಿಸಲು ಬರುತ್ತದೆ. ವಿಡಿಯೋದಲ್ಲಿ ಕೆಲಸ ಜಾಸ್ತಿ, ಫೋನು ಅಲುಗಾಡುತ್ತದೆ, ಎಡಿಟಿಂಗ್‌ಗೆ ಸಮಯ ಹೋಗುತ್ತದೆ. ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಇದರಿಂದ ಓದು ಹಾಳಾಗುವುದಿಲ್ಲವೇ? (ಪೋಷಕರು ಕೇಳುವುದು)

ಪರೀಕ್ಷೆಯ ತಿಂಗಳು ಸಂಚಿಕೆ ಬೇಡ, ಅದನ್ನು ವರ್ಷದ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಬಿಡಿ. ಉಳಿದಂತೆ, ನಿಮ್ಮ ಮಗು ವಾರಪೂರ್ತಿ ಸಾಲಿನ ಸಮಯ ಬರೆದುಕೊಂಡು ಸರಾಸರಿ ತೆಗೆಯುತ್ತದೆ, ಗುರುತಿಲ್ಲದ ದೊಡ್ಡವರ ಹತ್ತಿರ ಮರ್ಯಾದೆಯಿಂದ ಮಾತಾಡುತ್ತದೆ, ಒಂದೇ ಪ್ಯಾರಾವನ್ನು ಮೂರು ಸಲ ಬರೆಯುತ್ತದೆ. ಇದನ್ನು ನಾನು ಓದು ಅಂತಲೇ ಕರೆಯುತ್ತೇನೆ.

ಖರ್ಚಿಗೆ ಜಾಹೀರಾತು ತೆಗೆದುಕೊಳ್ಳಬಹುದಾ?

ಗೋಡೆ ಪತ್ರಿಕೆಗೆ, ಪಿಡಿಎಫ್‌ಗೆ ಖರ್ಚೇ ಇಲ್ಲ. ತೆಗೆದುಕೊಂಡರೆ ಜಾಹೀರಾತು ಅಂತ ಮೇಲೆ ಬರೆಯಬೇಕು, ಕೊಟ್ಟವರ ಬಗ್ಗೆ ಹೊಗಳಿ ವರದಿ ಬರೆಯುವುದಿಲ್ಲ ಅಂತ ಮೊದಲೇ ಹೇಳಿಬಿಡಬೇಕು.

ಈ ವರ್ಷದ ತಂಡ ಪಾಸಾಗಿ ಹೋದ ಮೇಲೆ ಎಲ್ಲ ನಿಂತುಹೋಗುತ್ತದೆ. ಏನು ಮಾಡುವುದು?

ಜಾಸ್ತಿ ಶಾಲಾ ಪತ್ರಿಕೆಗಳು ಸಾಯುವುದು ಇಲ್ಲೇ. ಕೊನೆಯ ಎರಡು ಸಂಚಿಕೆಗಳನ್ನು ಮುಂದಿನ ವರ್ಷದವರೇ ಮಾಡಲಿ, ಹಳಬರು ಪಕ್ಕದಲ್ಲಿ ಕೂತಿರಲಿ. ಹೋಗುವ ಮೊದಲು ಪ್ರತಿಯೊಬ್ಬರೂ ತಮ್ಮ ಕೆಲಸದ ಬಗ್ಗೆ ಒಂದು ಪುಟ ಬರೆದಿಟ್ಟು ಹೋಗಲಿ: ಪ್ರಿಂಟ್‌ಗೆ ಯಾರನ್ನು ಕೇಳಬೇಕು, ಫೈಲ್‌ಗಳು ಎಲ್ಲಿವೆ, ಪಾಸ್‌ವರ್ಡ್ ಯಾವ ಶಿಕ್ಷಕರ ಹತ್ತಿರ ಇದೆ. ಎಲ್ಲ ಸಂಚಿಕೆಗಳ ಒಂದೊಂದು ಪ್ರತಿ ಲೈಬ್ರರಿಯಲ್ಲಿ ಇಡಿಸಿ.

ಮೊದಲ ಸಂಚಿಕೆ ಯಾವಾಗ ತರಬೇಕು?

ತಂಡ ಸೇರಿದ ಮೂರು ವಾರದೊಳಗೆ. ಒಂದೇ ಪುಟ, ಮೂರು ಸುದ್ದಿ, ಒಂದು ಫೋಟೋ, ಕೆಳಗೆ "ನಿಮಗೆ ಗೊತ್ತಿರುವ ಸುದ್ದಿಯನ್ನು ಈ ಪೆಟ್ಟಿಗೆಗೆ ಹಾಕಿ" ಅಂತ ಒಂದು ಸಾಲು. ತಿಂಗಳುಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಶುರು ಮಾಡೋಣ ಅಂದುಕೊಂಡರೆ ಮಕ್ಕಳ ಉತ್ಸಾಹ ಅಷ್ಟರಲ್ಲಿ ಆರಿರುತ್ತದೆ. ನೋಟಿಸ್ ಬೋರ್ಡಿಗೆ ಹಾಕಿದ ದಿನ ಬಿಡುವಿನ ವೇಳೆಯಲ್ಲಿ ತಂಡದವರು ಸ್ವಲ್ಪ ದೂರದಲ್ಲಿ ನಿಂತು, ಓದುವವರು ಯಾವ ಸುದ್ದಿಯ ಮುಂದೆ ಜಾಸ್ತಿ ಹೊತ್ತು ನಿಂತರು ಅಂತ ನೋಡಿಕೊಳ್ಳಲಿ. ಮುಂದಿನ ಸಭೆ ಅಲ್ಲಿಂದಲೇ ಶುರುವಾಗಲಿ.